ಮನೆಯ ಪುಟ್ಟ ಅಕ್ವೇರಿಯಂ: ಯಾವ ಮೀನಿಗೆ ಯಾವುದು ಜೊತೆ?

ಅಂಗಡಿಯಲ್ಲಿ ಚೆಂದ ಕಂಡ ನಾಲ್ಕು ಬಗೆಯ ಮೀನು ತಂದು, ಅದೇ ಸಂಜೆ ಒಟ್ಟಿಗೆ ತೊಟ್ಟಿಗೆ ಬಿಡುವವರು ಬಹಳ ಮಂದಿ. ವಾರ ಕಳೆಯೋದರೊಳಗೆ ಒಂದರ ಬಾಲ ಹರಿದಿರುತ್ತೆ, ಇನ್ನೊಂದು ಮೂಲೆ ಹಿಡಿದಿರುತ್ತೆ, ಮತ್ತೊಂದು ಸತ್ತು ತೇಲುತ್ತಿರುತ್ತೆ. ರೋಗ ಬಂತು ಅಂತ ಔಷಧಿ ಹಾಕುತ್ತೇವೆ. ಎಷ್ಟೋ ಸಲ ಅಲ್ಲಿ ರೋಗವೇ ಇರಲ್ಲ, ಒಂದಕ್ಕೊಂದು ಹೊಂದದ ಮೀನುಗಳನ್ನು ಕೂಡಿಹಾಕಿರುತ್ತೇವೆ ಅಷ್ಟೇ. ತೋಟದಲ್ಲಿ ಮಿಶ್ರ ಬೆಳೆ ಮಾಡುವವರಿಗೆ ಈ ಲೆಕ್ಕ ಸುಲಭವಾಗಿ ಅರ್ಥವಾಗುತ್ತೆ.

ಇಲ್ಲಿ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಯನ್ನು ಗಮನದಲ್ಲಿಟ್ಟು ಹೇಳುತ್ತಿದ್ದೇನೆ. ಅಂಚಿನವರೆಗೂ ತುಂಬಿದರೆ ಸುಮಾರು 56 ಲೀಟರ್. ಮರಳು, ಕಲ್ಲು, ಮೇಲೆ ಬಿಡುವ ಜಾಗ ಕಳೆದರೆ 45 ಲೀಟರ್ ಉಳಿಯುತ್ತೆ.

ಮೊದಲು ನೀರು, ಆಮೇಲೆ ಮೀನು

ಮಣ್ಣು ನೋಡಿ ಬೆಳೆ ಆರಿಸುವ ಹಾಗೆ ನೀರು ನೋಡಿ ಮೀನು ಆರಿಸಬೇಕು. ಸೋಪು ಸರಿಯಾಗಿ ನೊರೆ ಬರದಿದ್ದರೆ, ಬೇಳೆ ಬೇಗ ಬೇಯದಿದ್ದರೆ, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟಿದರೆ ಅದು ಗಡಸು ನೀರು. ಬಯಲುಸೀಮೆಯ ಬಹಳಷ್ಟು ಬೋರ್‌ವೆಲ್ ನೀರು ಇದೇ ತರಹ. ಇದಕ್ಕೆ ಗಪ್ಪಿ, ಪ್ಲಾಟಿ, ಮೊಲ್ಲಿ ಚೆನ್ನಾಗಿ ಒಗ್ಗುತ್ತವೆ. ನಿಯಾನ್ ಟೆಟ್ರಾ ಅಮೆಜಾನ್ ಕಡೆಯ ಮೀನು, ಅದಕ್ಕೆ ಸ್ವಲ್ಪ ಹುಳಿ ಗುಣದ ಮೆದು ನೀರು ಬೇಕು. ಮಲೆನಾಡು, ಕರಾವಳಿಯಲ್ಲಿ ಮೆದು ನೀರು ಸಿಗುವವರಿಗೆ ಇದು ಸೂಕ್ತ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಬಾಯಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ.

ತೊಟ್ಟಿಗೂ ಅಂತಸ್ತುಗಳಿವೆ

ಅಡಿಕೆ ಮೇಲೆ, ಬಾಳೆ ನಡುವೆ, ಅರಿಶಿನ ಕೆಳಗೆ ಅಂತ ತೋಟ ಕಟ್ಟುತ್ತೇವಲ್ಲ, ಮೀನೂ ಹಾಗೆಯೇ. ಗಪ್ಪಿ, ಜೀಬ್ರಾ ಹೆಚ್ಚಾಗಿ ಮೇಲ್ಭಾಗದಲ್ಲಿ, ಟೆಟ್ರಾ ನಡುವೆ, ಕೋರಿಡೋರಸ್ ತಳದಲ್ಲಿ ಓಡಾಡುತ್ತವೆ. ಬೇರೆ ಬೇರೆ ಅಂತಸ್ತಿನ ಮೀನು ಇಟ್ಟರೆ ಜಾಗಕ್ಕೂ ಆಹಾರಕ್ಕೂ ಕಿತ್ತಾಟ ಕಡಿಮೆ. ಜೀಬ್ರಾ, ಟೆಟ್ರಾ, ಕೋರಿಡೋರಸ್ ಗುಂಪಿನ ಮೀನುಗಳು. ಒಂದೊಂದು, ಎರಡೆರಡು ತರಬೇಡಿ, ಪ್ರತಿ ಜಾತಿ ಕನಿಷ್ಠ 6 ಇರಲಿ. ಒಂಟಿಯಾದರೆ ಹೆದರಿ ಸೊರಗುತ್ತವೆ.

ಈ ತೊಟ್ಟಿಗೆ, ಈ ಜೊತೆಗೆ ಬೇಡವಾದವು

• ಗೋಲ್ಡ್‌ಫಿಷ್: ತಂಪು ನೀರಿನ ಮೀನು, 15 ಸೆಂ.ಮೀ. ಮೀರಿ ಬೆಳೆಯುತ್ತೆ, ಗಲೀಜೂ ಜಾಸ್ತಿ. ಗಪ್ಪಿ, ಟೆಟ್ರಾ ಜೊತೆ ಸೇರಿಸಬೇಡಿ.
• ಏಂಜೆಲ್: ಮರಿಯಾಗಿದ್ದಾಗ ಸಾಧು. ಬೆಳೆದ ಮೇಲೆ ನಿಯಾನ್ ಟೆಟ್ರಾವನ್ನು ನುಂಗುತ್ತೆ.
• ಟೈಗರ್ ಬಾರ್ಬ್: ಉದ್ದ ರೆಕ್ಕೆ, ಬಾಲ ಕಂಡರೆ ಕಚ್ಚುವ ಚಟ. ಗಪ್ಪಿ, ಏಂಜೆಲ್, ಬೆಟ್ಟಾ ಹತ್ತಿರ ಬೇಡ.
• ಗಂಡು ಬೆಟ್ಟಾ: ಎರಡು ಗಂಡು ಬಿಟ್ಟರೆ ಕಾದಾಡಿ ಒಂದು ಸಾಯಬಹುದು. ಬಣ್ಣದ ಬಾಲದ ಗಪ್ಪಿಯನ್ನೂ ಎದುರಾಳಿ ಅಂದುಕೊಳ್ಳುತ್ತೆ.
• ಸಕ್ಕರ್ ಮೀನು: ಗಾಜು ಕ್ಲೀನ್ ಮಾಡುತ್ತೆ ಅಂತ ಕೊಡುತ್ತಾರೆ. ಬೆರಳುದ್ದ ತಂದದ್ದು ಒಂದು ಅಡಿ ದಾಟಿ ಬೆಳೆಯುತ್ತೆ.
• ಡೆನಿಸನ್ ಬಾರ್ಬ್: ಮಿಸ್ ಕೇರಳ ಅನ್ನೋದು ಇದನ್ನೇ. ನಮ್ಮ ಪಶ್ಚಿಮ ಘಟ್ಟದ್ದೇ ಮೀನು, ಅಳಿವಿನಂಚಿನ ಪಟ್ಟಿಯಲ್ಲಿದೆ. ಗುಂಪಾಗಿ ಈಜಲು 4 ಅಡಿಯ ತೊಟ್ಟಿಯಾದರೂ ಬೇಕು.

ಕೂಡಿ ಬಾಳುವ ಮೂರು ಜೋಡಣೆ

1. ಗಡಸು ನೀರು: ಜೀಬ್ರಾ 6, ಪ್ಲಾಟಿ 4. ಜೀಬ್ರಾ ನಮ್ಮ ದೇಶದ ಹೊಳೆಗಳ ಗಟ್ಟಿ ಮೀನು, ಹೊಸಬರಿಗೆ ಒಳ್ಳೆಯದು.
2. ಮೆದು ನೀರು: ನಿಯಾನ್ ಟೆಟ್ರಾ 8, ಕೋರಿಡೋರಸ್ 6. ತಳಕ್ಕೆ ಚೂಪು ಕಲ್ಲು ಬೇಡ, ನುಣುಪು ಮರಳು ಹಾಕಿ.
3. ಒಂದೇ ರಾಜ ಸಾಕು ಅನ್ನುವವರಿಗೆ: ಗಂಡು ಬೆಟ್ಟಾ 1, ಕಂಚು ಬಣ್ಣದ ಕೋರಿಡೋರಸ್ 6. ಚಳಿಗಾಲದಲ್ಲಿ ನೀರು 25 ಡಿಗ್ರಿ ಆಸುಪಾಸು ಇರಲು ಹೀಟರ್ ಬೇಕು.

ಗಪ್ಪಿ, ಪ್ಲಾಟಿ, ಮೊಲ್ಲಿ ಮರಿ ಹಾಕುವ ಮೀನುಗಳು. ಹೆಣ್ಣು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತೆ, ತೊಟ್ಟಿ ಬೇಗ ತುಂಬಿಹೋಗುತ್ತೆ. ಮರಿ ಬೇಡದವರು ಗಂಡು ಮಾತ್ರ ತನ್ನಿ. ಗಂಡು ಹೆಣ್ಣು ಎರಡೂ ಬೇಕಿದ್ದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣಿರಲಿ, ಇಲ್ಲದಿದ್ದರೆ ಗಂಡಿನ ಕಾಟಕ್ಕೆ ಹೆಣ್ಣು ಬಳಲುತ್ತೆ.

ಮೀನು ತರುವ ಮೊದಲು ತೊಟ್ಟಿ ಹದ ಮಾಡಿ

ಮೀನಿನ ಹಿಕ್ಕೆ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತೆ. ಅದು ಮೀನಿಗೆ ವಿಷ. ಮಣ್ಣಿನಲ್ಲಿರುವಂಥದ್ದೇ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಇವು ಫಿಲ್ಟರ್‌ನಲ್ಲಿ ನೆಲೆಯಾಗಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನಿಲ್ಲದೆ ಫಿಲ್ಟರ್ ಓಡಿಸಿ, ದಿನಾ ಚಿಟಿಕೆ ಮೀನಿನ ಆಹಾರ ಹಾಕಿ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದು, ನೈಟ್ರೇಟ್ ಕಂಡ ಮೇಲೆ ಅರ್ಧ ನೀರು ಬದಲಿಸಿ ಮೊದಲ ಗುಂಪನ್ನು ಬಿಡಿ. ಎರಡು ವಾರ ಬಿಟ್ಟು ಎರಡನೆಯದು. ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯದೆ ತೊಟ್ಟಿಯದೇ ನೀರಿನಲ್ಲಿ ಹಿಂಡಿ, ಬ್ಯಾಕ್ಟೀರಿಯಾ ಉಳಿಯುತ್ತವೆ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ತೆಗೆದ ನೀರನ್ನು ಚರಂಡಿಗೆ ಚೆಲ್ಲಬೇಡಿ. ಅದರಲ್ಲಿ ನೈಟ್ರೇಟ್ ಇರುತ್ತೆ, ಹೂಕುಂಡಕ್ಕೆ, ಕರಿಬೇವಿಗೆ ಹಾಕಿ. ಉಪ್ಪು ಅಥವಾ ಔಷಧಿ ಹಾಕಿದ ನೀರು ಮಾತ್ರ ಗಿಡಕ್ಕೆ ಬೇಡ.

ಹೆಚ್ಚಾದ ಮೀನು ಕೆರೆಗೆ ಬೇಡ

ಸಾಕಲಾರದ ಮೀನನ್ನು ಕೆರೆಗೋ ಹೊಂಡಕ್ಕೋ ಬಿಡುವುದು ಪುಣ್ಯದ ಕೆಲಸವಲ್ಲ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೇ ಹೊರಬಿದ್ದು ದೇಶದ ಹಲವು ಕೆರೆ, ಹೊಳೆಗಳಲ್ಲಿ ನೆಲೆಯೂರಿದೆ. ದಂಡೆಯಲ್ಲಿ ಬಿಲ ತೋಡುತ್ತೆ, ಮುಳ್ಳಿನಂಥ ರೆಕ್ಕೆಯಿಂದ ಮೀನುಗಾರರ ಬಲೆ ಹರಿಯುತ್ತೆ, ಊರ ಮೀನಿನ ಆಹಾರಕ್ಕೂ ಪಾಲು ಕೇಳುತ್ತೆ. ಒಮ್ಮೆ ನೆಲೆಯಾದರೆ ತೆಗೆಯುವುದು ಬಹಳ ಕಷ್ಟ. ಹೆಚ್ಚಾದ ಮೀನನ್ನು ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ಸಾಕುವವರಿಗೆ ಕೊಡಿ.

ಅಂಗಡಿಗೆ ಹೋದಾಗ ಮೂರೇ ಪ್ರಶ್ನೆ ಕೇಳಿ: ಪೂರ್ತಿ ಬೆಳೆದರೆ ಎಷ್ಟು ಉದ್ದ? ಎಂಥ ನೀರು ಬೇಕು? ಎಷ್ಟರ ಗುಂಪಿನಲ್ಲಿರಬೇಕು? ಮೂರಕ್ಕೂ ಸರಿಯಾದ ಉತ್ತರ ಸಿಕ್ಕ ಮೇಲೆ ಮೀನು ಹಿಡಿಸಿಕೊಳ್ಳಿ.