ಒಂಬತ್ತನೆಯ ವಾರದ ಹುಡುಗಿಗೆ

ಪುಟ್ಟಿ,

ನಿನ್ನೆ ರಾತ್ರಿ ನೀನು ಕಳಿಸಿದ ಪಟ್ಟಿಯನ್ನು ಎರಡು ಸಲ ಓದಿದೆ. ಮೂರನೆಯ ಸೆಮಿಸ್ಟರ್‌ಗೆ ಹನ್ನೊಂದು ಗುರಿ. ಬೆಳಿಗ್ಗೆ ಐದಕ್ಕೆ ಏಳುವುದು, ದಿನಕ್ಕೆ ನಾಲ್ಕು ಗಂಟೆ ಓದು, ಪೈಥಾನ್, ಜರ್ಮನ್, ಉಳಿದಿರುವ ಗಣಿತದ ಬ್ಯಾಕ್, ಮೊಬೈಲ್ ಅರ್ಧ ಗಂಟೆ ಮಾತ್ರ... ಓದಿ ಸಂತೋಷವೇ ಆಯಿತು. ಫಲಿತಾಂಶ ಬಂದ ದಿನ ಫೋನಿನಲ್ಲಿ ಮಾತೇ ಹೊರಡದೆ ಅತ್ತ ಹುಡುಗಿ ಎದ್ದು ಕೂತು ಹನ್ನೊಂದು ಸಾಲು ಬರೆದಿದ್ದಾಳಲ್ಲ, ಅದು ಸಣ್ಣ ಮಾತಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಈ ಪಟ್ಟಿ ಬರೆದವಳು ಮೊದಲ ವಾರದ ಪುಟ್ಟಿ. ಊರಲ್ಲಿ ಹದಿನೈದು ದಿನ ಅಮ್ಮನ ಕೈಯಡುಗೆ ಉಂಡು, ಚೆನ್ನಾಗಿ ನಿದ್ದೆ ಮಾಡಿ, ಹೊಸ ನೋಟ್‌ಬುಕ್ ಕೊಂಡವಳು. ಇದನ್ನು ನಡೆಸಬೇಕಾದವಳು ಬೇರೆ. ಅವಳು ಒಂಬತ್ತನೆಯ ವಾರದ ಪುಟ್ಟಿ. ಮೊದಲ ಇಂಟರ್ನಲ್ಸ್‌ನಲ್ಲಿ ಎಣಿಸಿದಷ್ಟು ಅಂಕ ಬಂದಿರುವುದಿಲ್ಲ, ಎರಡನೆಯದು ಎದುರಿಗಿರುತ್ತದೆ, ಲ್ಯಾಬ್ ರೆಕಾರ್ಡ್ ಬಾಕಿ, ಮೂಗು ಕಟ್ಟಿರುತ್ತದೆ, ಹಾಸ್ಟೆಲ್ ಸಾರಿನ ವಾಸನೆಗೇ ಊಟ ಬೇಡವಾಗಿರುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಪಾಠ ಮಾಡಿದ ನಾನು ಆ ಹುಡುಗಿಯನ್ನು ಎಷ್ಟೋ ಮುಖಗಳಲ್ಲಿ ನೋಡಿದ್ದೇನೆ. ಗುರಿ ಬರೆಯುವುದಿದ್ದರೆ ಅವಳಿಗೆ ಆಗುವಂಥದ್ದನ್ನು ಬರೆ. ಅವಳ ಮೇಲೆ ಕರುಣೆ ಇಟ್ಟು ಬರೆ.

ನಮ್ಮ ಗದ್ದೆಯ ನಾಟಿ ನಿನಗೆ ನೆನಪಿದೆಯಲ್ಲ. ಆ ದಿನ ಕೇರಿಯೆಲ್ಲ ಗದ್ದೆಯಲ್ಲಿರುತ್ತಿತ್ತು. ಹಾಡು, ನಗು, ಮಧ್ಯಾಹ್ನಕ್ಕೆ ಪಾಯಸ. ತಿಂಗಳ ಮೇಲೆ ಕಳೆ ಕೀಳುವಾಗ ಅದೇ ಗದ್ದೆಯಲ್ಲಿ ಕಂಬಳಿಕೊಪ್ಪೆ ಹೊದ್ದ ಇಬ್ಬರೋ ಮೂವರೋ ಬಗ್ಗಿರುತ್ತಿದ್ದರು. ನಿಮ್ಮಜ್ಜ ನಾಟಿಯ ಆಳಿಗಿಂತ ಕಳೆಯ ಆಳನ್ನು ಮೊದಲು ಗೊತ್ತು ಮಾಡಿಡುತ್ತಿದ್ದರು.

ದಿನದ ಲೆಕ್ಕದಲ್ಲಿ ನಾವೆಲ್ಲರೂ ಎಡವುತ್ತೇವೆ, ನೀನೊಬ್ಬಳೇ ಅಲ್ಲ. ಕೆನಡಾದಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮೂವರು ಮನೋವಿಜ್ಞಾನಿಗಳು ಪದವಿಯ ಕೊನೆಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಕೇಳಿದರು: ಮುಗಿಸಲು ಎಷ್ಟು ದಿನ ಬೇಕು? ಸರಾಸರಿ ಉತ್ತರ 34 ದಿನ. ಎಲ್ಲವೂ ಕೈಕೊಟ್ಟರೆ? ಸುಮಾರು 49 ದಿನ ಎಂದರು. ನಿಜವಾಗಿ ಹಿಡಿದದ್ದು ಸುಮಾರು 55 ದಿನ. 1994ರಲ್ಲಿ ಪ್ರಕಟವಾದ ಆ ಬರಹದಲ್ಲಿ ನನ್ನನ್ನು ತಟ್ಟಿದ್ದು ಆ ನಡುವಿನ ಸಂಖ್ಯೆ. ಕೆಟ್ಟದ್ದನ್ನೇ ಊಹಿಸಿಕೋ ಎಂದಾಗಲೂ ಆ ಮಕ್ಕಳಿಗೆ ಸಾಕಷ್ಟು ಕೆಟ್ಟದ್ದನ್ನು ಊಹಿಸಲಾಗಲಿಲ್ಲ.

ಹಾಗಾಗಿ ನಾಲ್ಕು ಗಂಟೆಯನ್ನು ಹೊಡೆದುಹಾಕು. ಮುಕ್ಕಾಲು ಗಂಟೆ ಎಂದು ಬರೆ, ಆದರೆ ಯಾವಾಗ, ಎಲ್ಲಿ ಎನ್ನುವುದನ್ನೂ ಸೇರಿಸು. ನಿಮ್ಮಜ್ಜಿ ದೇವರ ದೀಪ ಹಚ್ಚಬೇಕೆಂದು ಯಾವತ್ತೂ ಗುರಿ ಹಾಕಿಕೊಂಡವರಲ್ಲ. ಸಂಜೆ ಹಾಲು ಕರೆದು ಬಂದು ಕೈಕಾಲು ತೊಳೆದರೆ ಮುಂದಿನ ಕೆಲಸ ದೀಪ, ಅಷ್ಟೆ. ಜ್ವರವಿದ್ದರೂ, ಮನೆಗೆ ನೆಂಟರು ಬಂದರೂ, ಬೇಸರವಿದ್ದರೂ ದೀಪ ಹತ್ತುತ್ತಿತ್ತು. ಮನಸ್ಸನ್ನು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ನಿನಗೂ ಅಂಥದ್ದೊಂದು ಕೊಂಡಿ ಬೇಕು. ಕಾಲೇಜಿನಿಂದ ಬಂದು ಕಾಫಿ ಕುಡಿದ ಲೋಟ ತೊಳೆದಿಟ್ಟ ಮೇಲೆ, ಕೋಣೆಗೆ ಹೋಗದೆ, ನೇರ ರೀಡಿಂಗ್ ರೂಮಿನ ಕಿಟಕಿ ಪಕ್ಕದ ಮೇಜು. ಹಾಸಿಗೆ ಕಣ್ಣಿಗೆ ಬಿದ್ದರೆ ಒಂಬತ್ತನೆಯ ವಾರದ ಹುಡುಗಿ ಸೋಲುತ್ತಾಳೆ, ಅದು ಅವಳ ತಪ್ಪಲ್ಲ.

ಐದು ಗಂಟೆಗೆ ಏಳುವುದನ್ನೂ ಬಿಡು. ನೀನು ಚಿಕ್ಕಂದಿನಿಂದ ರಾತ್ರಿ ಓದುವವಳು. ಜರ್ಮನ್ ಬೇಸಿಗೆ ರಜೆಗಿರಲಿ.

ಇನ್ನು ಬ್ಯಾಕ್ ಉಳಿದ ಗಣಿತ. ಇದನ್ನು ನೀನು ಏಳನೆಯ ಸಾಲಿನಲ್ಲಿ ಇಟ್ಟಿದ್ದೀಯ. ನಾಚಿಕೆಯಿಂದ ಕೆಳಗೆ ತಳ್ಳಿದ್ದೀಯ ಅನ್ನಿಸಿತು. ಮೇಲಕ್ಕೆ ತಾ ಮಗಳೇ. ಲಾಪ್ಲಾಸ್ ಬರುವುದೇ ಇಲ್ಲ ಎಂದು ನನ್ನ ಹತ್ತಿರ ಬಂದ ಮಕ್ಕಳಲ್ಲಿ ಹೆಚ್ಚಿನವರು ತೊಡರಿದ್ದು ಲಾಪ್ಲಾಸ್‌ನಲ್ಲಲ್ಲ, ಎರಡನೆಯ ಪಿಯುಸಿಯ ಪಾರ್ಷಿಯಲ್ ಫ್ರಾಕ್ಷನ್‌ನಲ್ಲಿ. ಅದನ್ನು ಒಂದು ವಾರ ಕೂತು ಸರಿಮಾಡಿದರೆ ಮೇಲಿನದು ತಾನೇ ಬಿಚ್ಚಿಕೊಳ್ಳುತ್ತಿತ್ತು. ನಿನ್ನ ಗಂಟು ಎಲ್ಲಿದೆ ಎಂದು ಮೊದಲು ಹುಡುಕು. ಹುಡುಕುವುದು ಹೇಗೆಂದರೆ, ಬಿಡಿಸಿದ ಲೆಕ್ಕವನ್ನು ನೋಡಿಕೊಂಡು ತಲೆಯಾಡಿಸಬೇಡ. ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ಮೊದಲ ಸಾಲಿನಿಂದ ಬರೆ. ಪೆನ್ನು ಎಲ್ಲಿ ನಿಲ್ಲುತ್ತದೋ ಅಲ್ಲಿದೆ ಗಂಟು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ, ನೋಡದೆ ಬರೆಯುವ ಈ ಕ್ರಮವನ್ನು ಪರೀಕ್ಷಿಸಿ ನೋಡಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರಿಗೇ ಹೆಚ್ಚು ನೆನಪಿತ್ತು. ಒಂದು ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ನೋಡದೆ ನೆನಪಿನಿಂದ ಬರೆದಿದ್ದವರು ಮುಂದಿದ್ದರು. ಮತ್ತೆ ಓದುವಾಗ ಎಲ್ಲ ಬರುತ್ತದೆ ಅನ್ನಿಸುತ್ತದಲ್ಲ, ಆ ಹಿತವಾದ ಭಾವನೆಯನ್ನು ನಂಬಬೇಡ.

ಇನ್ನು ಹಾಜರಿಯ ಮಾತು. ನಿಮ್ಮ ವಿಟಿಯುವಿನಲ್ಲಿ ಅರ್ಧದಷ್ಟು ಅಂಕ ಇಂಟರ್ನಲ್ಸ್‌ನದ್ದು, ಹಾಜರಿ ಶೇಕಡಾ 85 ಬೇಕು. 40 ಗಂಟೆಯ ಒಂದು ವಿಷಯಕ್ಕೆ ಲೆಕ್ಕ ಹಾಕು: ತಪ್ಪಿಸಬಹುದಾದದ್ದು 6 ತರಗತಿ ಮಾತ್ರ. ಅವನ್ನು ಮೊದಲ ತಿಂಗಳಲ್ಲೇ ಸಿನಿಮಾಕ್ಕೆ ಖರ್ಚು ಮಾಡಿದವರು ಆಮೇಲೆ ಮೈ ಬಿಸಿ ಇಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಒರಗಿ ಕೂತಿದ್ದನ್ನು ನೋಡಿ ನನ್ನ ಹೊಟ್ಟೆ ಕಿವುಚಿದೆ. ಆ ಆರನ್ನು ಜ್ವರಕ್ಕೂ ಅಕ್ಕನ ಮದುವೆಗೂ ಎತ್ತಿಡು.

ನನ್ನದೊಂದು ಸಂಗತಿ ನಿನಗೆ ಈವರೆಗೆ ಹೇಳಿಲ್ಲ. ನಾನು ಬಿ.ಎಸ್ಸಿ. ಓದುವಾಗ ವರ್ಷಕ್ಕೊಂದೇ ಪರೀಕ್ಷೆ. ಎರಡನೆಯ ವರ್ಷ ದಸರಾ ಕಳೆದ ಮೇಲೆ ದೊಡ್ಡ ಹಾಳೆಯಲ್ಲಿ ಬಣ್ಣದ ಪೆನ್ಸಿಲ್ಲಿನಿಂದ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಇಪ್ಪತ್ತು ದಿನ ನಡೆಯಿತು. ಆಮೇಲೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲದೆ ಮೂರು ದಿನ ತಪ್ಪಿತು. ನಾಲ್ಕನೆಯ ದಿನ ಬೆಳಿಗ್ಗೆ ಆ ಖಾಲಿ ಚೌಕಗಳನ್ನು ನೋಡಲಾರದೆ ಇಡೀ ಹಾಳೆಯನ್ನು ಹರಿದು ಬಚ್ಚಲ ಒಲೆಗೆ ಹಾಕಿದೆ. ಫೆಬ್ರುವರಿಯವರೆಗೆ ಪುಸ್ತಕ ಮುಟ್ಟಲಿಲ್ಲ. ಆ ವರ್ಷ ಗಣಿತದ ಒಂದು ಪತ್ರಿಕೆ ಹೋಯಿತು. ಮೂರು ದಿನ ತಪ್ಪಿದ್ದರಿಂದ ಹೋದದ್ದಲ್ಲ ಅದು. ತಪ್ಪಿದ ದಿನಕ್ಕೆ ನನ್ನ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಮರುಪರೀಕ್ಷೆಗೆ ಕೂತಾಗ ವಾರದ ಆರು ದಿನಕ್ಕೆ ಮಾತ್ರ ಕೆಲಸ ಬರೆದೆ, ಭಾನುವಾರ ಖಾಲಿ ಬಿಟ್ಟೆ. ತಪ್ಪಿದ್ದೆಲ್ಲ ಭಾನುವಾರಕ್ಕೆ. ತಪ್ಪದಿದ್ದರೆ ಅವತ್ತು ಹೊಳೆಗೆ ಹೋಗಿ ಕೂರುತ್ತಿದ್ದೆ.

ನಿನ್ನ ಪಟ್ಟಿಯ ಕೊನೆಗೆ ಒಂದು ಸಾಲು ಖಾಲಿ ಇತ್ತು. ಏನೋ ಬರೆದು ಅಳಿಸಿದ್ದೀಯ. ಅದೇನೆಂದು ಕೇಳುವುದಿಲ್ಲ. ಆದರೆ ಅದು ಓದಿಗೆ ಸಂಬಂಧವಿಲ್ಲದ್ದಾಗಿದ್ದರೆ, ಚಿತ್ರ ಬಿಡಿಸುವುದೋ ಶಟಲ್ ಆಡುವುದೋ ಆಗಿದ್ದರೆ, ವಾಪಸ್ ಬರೆದುಕೋ.

ಕ್ಯಾಲೆಂಡರ್ ನೋಡಿ ನಿನ್ನ ಒಂಬತ್ತನೆಯ ವಾರದ ಬುಧವಾರಕ್ಕೆ ಗುರುತು ಹಾಕಿದ್ದೇನೆ. ಅವತ್ತು ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ಅಂಕ ಎಷ್ಟು ಬಂತು ಅಂತ ಕೇಳುವುದಿಲ್ಲ. ಊಟ ಆಯಿತಾ ಅಂತ ಕೇಳುತ್ತೇನೆ, ನಿಜ ಹೇಳು. ಆ ವಾರ ಶಿವಮೊಗ್ಗದಿಂದ ಬರುವವರ ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿಕೊಡುತ್ತೇನೆ.

ನಿನ್ನ,
ದೊಡ್ಡಮ್ಮ