ಮೆಮೊರಿಗೂ ಒಂದು ಖಾತೆ ಪುಸ್ತಕ

ಕಾಮರ್ಸ್ ಓದುವವಳಿಗೆ ಲಿನಕ್ಸ್ ಕರ್ನಲ್ ಏಕೆ ಎಂದು ಗೆಳತಿಯರು ಕೇಳುತ್ತಾರೆ. ಅಲ್ಲಿ ನಡೆಯುವುದೂ ನಮ್ಮ ಲೆಕ್ಕವೇ!

ಪ್ರೋಗ್ರಾಮುಗಳನ್ನು ಗುಂಪು ಮಾಡಿ, ಗುಂಪಿಗಿಷ್ಟು ಮೆಮೊರಿ ಎಂದು ಮಿತಿ ಹಾಕುವ ವ್ಯವಸ್ಥೆ 2008ರಲ್ಲಿ ಲಿನಕ್ಸ್‌ಗೆ ಸೇರಿತು. ಗುಂಪಿನೊಳಗೆ ಉಪಗುಂಪುಗಳೂ ಇರಬಹುದು. ಈಗ ಉಪಗುಂಪು ಪಡೆದ ಮೆಮೊರಿ ಅದರ ಖಾತೆಯಲ್ಲೂ, ಅದರ ಮೇಲಿನ ಪ್ರತಿ ಗುಂಪಿನ ಖಾತೆಯಲ್ಲೂ ಖರ್ಚು ಬೀಳುತ್ತದೆ.

ಉದಾಹರಣೆಗೆ, ದೊಡ್ಡ ಗುಂಪಿನ ಮಿತಿ 1000 ಎಂಬಿ; ಒಳಗಿನ ಎರಡು ಉಪಗುಂಪುಗಳಿಗೆ ತಲಾ 600. ಮೊದಲನೆಯದು 600 ಬಳಸಿದೆ, ಎರಡನೆಯದು 390. ಎರಡನೆಯದು ಇನ್ನೂ 20 ಕೇಳಿತು. ಅದರ ಖಾತೆಯಲ್ಲಿ 410, ಸರಿ. ಮೇಲಿನ ಖಾತೆಯಲ್ಲಿ 1010, ಮಿತಿ ಮೀರಿತು. ಆಗ ಮೇಲಿನ 20 ಮಾತ್ರವಲ್ಲ, ಕೆಳಗೆ ಬರೆದ 20 ಕೂಡ ರದ್ದಾಗಬೇಕು.

ಈ ಕೋಡನ್ನು ಪರಿಶೀಲಿಸುವವರು ನೋಡಬೇಕಾದ ಮುಖ್ಯ ಅಂಶ ಇದೇ. ರದ್ದು ಮಾಡಲು ಮರೆತರೆ ಯಾರೂ ಬಳಸದ ಮೆಮೊರಿ ಖರ್ಚೆಂದೇ ಉಳಿಯುತ್ತದೆ. ಹೀಗೆ ಸೇರುತ್ತಾ ಹೋದರೆ ಜಾಗವಿದ್ದರೂ ಗುಂಪು ತುಂಬಿದಂತೆ ಕಾಣುತ್ತದೆ. ಕೊನೆಗೆ ಕರ್ನಲ್ ತಪ್ಪಿಲ್ಲದ ಪ್ರೋಗ್ರಾಮನ್ನೇ ನಿಲ್ಲಿಸಿಬಿಡಬಹುದು.

ಅಬ್ಬಾ ಅಂಗಡಿಯ ಹಿಸಾಬ್ ಬರೆಸುವಾಗ ಹೇಳುತ್ತಾರೆ: "ಮಾಲು ವಾಪಸ್ ಬಂದರೆ ಎರಡೂ ಪುಸ್ತಕದಲ್ಲಿ ಹೊಡೆದುಹಾಕು." ಕರ್ನಲ್‌ನ ಪುಸ್ತಕಕ್ಕೂ ಅದೇ ನಿಯಮ.