ಈಜು ಬಂದರೂ ಜಾಕೆಟ್ ತೊಡಿ

ಪ್ರಶ್ನೆ: ಆಫೀಸಿನವರೆಲ್ಲ ಕಾರವಾರಕ್ಕೆ ಹೊರಟಿದ್ದೇವೆ. ದೋಣಿ ಎಂದರೆ ನನಗೆ ಭಯ. ಈಜು ಬರುವ ಸಹೋದ್ಯೋಗಿಗಳು ನಗುತ್ತಾರೆ. ಏನು ಮಾಡಲಿ?
– ಓದುಗಿ, ದೊಡ್ಡನೆಕ್ಕುಂದಿ

ಉತ್ತರ: ನಗುವವರು ನಗಲಿ ಬಿಡಿ. ನಿಮ್ಮ ಭಯಕ್ಕೆ ಆಧಾರವಿದೆ. 2019ರ ಜನವರಿ 21ರಂದು ಅದೇ ಕಾರವಾರದಲ್ಲಿ, ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದವರ ದೋಣಿ ಮಗುಚಿ 16 ಜನ ತೀರಿಕೊಂಡರು. ಆ ದೋಣಿಯಲ್ಲಿ ಜನ ಮಿತಿಮೀರಿದ್ದರು.

ಹತ್ತುವ ಮುನ್ನವೇ ತಲೆ ಎಣಿಸಿ; ಹೆಚ್ಚೆನಿಸಿದರೆ ಹತ್ತಲೇಬೇಡಿ, ಕೊಟ್ಟ ದುಡ್ಡು ಹೋಗಲಿ. ಲೈಫ್ ಜಾಕೆಟ್ ಹಾಕಿಕೊಂಡರಷ್ಟೇ ಸಾಲದು. ಎಲ್ಲ ಬಕಲ್ ಬಿಗಿದು, ಗೆಳತಿಗೆ ಭುಜದ ಪಟ್ಟಿ ಹಿಡಿದು ಮೇಲೆತ್ತಲು ಹೇಳಿ. ಅದು ಕಿವಿಯವರೆಗೆ ಬಂದರೆ ಸಡಿಲವೆಂದೇ ಅರ್ಥ, ನೀರಿನಲ್ಲಿ ಕಳಚಿಕೊಳ್ಳುತ್ತದೆ. ಡಾಲ್ಫಿನ್ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ನುಗ್ಗುತ್ತಾರಲ್ಲ (ಸೆಲ್ಫಿ ಹುಚ್ಚು ಬೇರೆ!), ಆಗ ನೀವು ಕೂತಲ್ಲೇ ಕೂತಿರಿ.

ಮಗುಚಿದರೆ? ದಡ ಹತ್ತಿರ ಕಂಡರೂ ಈಜಲು ಹೊರಡಬೇಡಿ. ತೇಲುತ್ತಿರುವ ದೋಣಿಯನ್ನೇ ಹಿಡಿದುಕೊಳ್ಳಿ. ಹುಡುಕುವವರಿಗೆ ಒಂಟಿ ತಲೆಗಿಂತ ದೋಣಿ ಬೇಗ ಕಾಣುತ್ತದೆ. ಅಡಿಯಲ್ಲಿ ಸಿಕ್ಕಿಕೊಂಡರೆ ಒಂದು ಕೈಯಿಂದ ಅಂಚು ಹುಡುಕಿ ಹೊರಬನ್ನಿ. ಕರಾವಳಿ ಕಾವಲು ಪಡೆಯ ತುರ್ತು ಸಂಖ್ಯೆ 1554; ಫೋನನ್ನು ಜಲನಿರೋಧಕ ಚೀಲದಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳಿ.